ಸಂಕ ಇಲ್ಲದ ಮೆದುಳು, ಮತ್ತು ನಾನು ನೋಡದೇ ಬಿಟ್ಟ ಕೈ

ನಾನು ಚಿಕ್ಕಮಗಳೂರಿನಲ್ಲಿ ಮಕ್ಕಳ ಡಾಕ್ಟರ್. ಇದು ಒಂದು ಮಗುವಿನ ಪ್ರಕರಣ. ಮಗು ಹುಟ್ಟುವುದಕ್ಕೆ ನಾಲ್ಕೂವರೆ ತಿಂಗಳ ಮೊದಲೇ ಶುರುವಾಗಿದ್ದು. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕೊಪ್ಪದ ಕಡೆಯವರು ಅಂದರೆ ಸಾಕು. ಸ್ಕ್ಯಾನಿಂಗ್ ಮಾಡುವವರು, ಹೆರಿಗೆ ಡಾಕ್ಟರು, ನನ್ನ ಹಾಗೆ ಮಕ್ಕಳನ್ನು ನೋಡುವವರು, ಇಂಥದ್ದೇ ರಿಪೋರ್ಟ್ ಹಿಡಿದು ಕಂಗಾಲಾಗಿ ನಿಂತಿರುವ ಅಪ್ಪ ಅಮ್ಮ, ಯಾರಿಗಾದರೂ ಉಪಯೋಗವಾಗಲಿ ಅಂತ.

ಹಿನ್ನೆಲೆ

ತಾಯಿಗೆ 26 ವರ್ಷ, ಮೊದಲ ಬಸಿರು. ತಂದೆಗೆ 31. ಅಡಿಕೆ ತೋಟ, ಜೊತೆಗೆ ಸ್ವಲ್ಪ ಕಾಫಿ. ಸಂಬಂಧದಲ್ಲಿ ಆದ ಮದುವೆಯಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಆಷಾಢಕ್ಕೆ ತವರಿಗೆ ಹೋಗಬೇಕು, ಮಳೆ ಹಿಡಿದರೆ ಓಡಾಟ ಕಷ್ಟ ಅಂತ 17ನೇ ವಾರಕ್ಕೇ ಒಂದು ಸ್ಕ್ಯಾನಿಂಗ್ ಮಾಡಿಸಿದ್ದರು. ಎಲ್ಲ ಸರಿ ಇದೆ ಅಂತ ಬಂತು. ಶ್ರಾವಣದಲ್ಲಿ ಗಂಡನ ಮನೆಗೆ ವಾಪಸ್ ಬಂದ ಮೇಲೆ, 21 ವಾರ 3 ದಿನಕ್ಕೆ ಇನ್ನೊಂದು ಕಡೆ ವಿವರವಾದ ಸ್ಕ್ಯಾನಿಂಗ್ ಆಯಿತು. ಅದರಲ್ಲಿ ಒಂದು ಸಾಲು: ಕಾರ್ಪಸ್ ಕಲೋಸಮ್ ಕಾಣಿಸುತ್ತಿಲ್ಲ. ಮೆದುಳಿನ ಒಳಗಿನ ನೀರಿನ ಕೋಣೆಗಳ ಹಿಂಭಾಗ 11 ಮಿಲಿಮೀಟರ್, ಅಂದರೆ ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ.

ಕಾರ್ಪಸ್ ಕಲೋಸಮ್ ಅಂದರೆ ಮೆದುಳಿನ ಎಡ ಬಲ ಎರಡು ಭಾಗಗಳನ್ನು ಸೇರಿಸುವ ದಪ್ಪ ನರಪಟ್ಟಿ. ಸುಮಾರು 20 ಕೋಟಿ ನರತಂತುಗಳು ಅದರ ಮೂಲಕ ಆಚೆ ಈಚೆ ದಾಟುತ್ತವೆ. ಆದರೆ ಈ ವಿವರ ಯಾವುದೂ ಆ ದಂಪತಿಗೆ ಸಿಕ್ಕಿರಲಿಲ್ಲ. ಅವರ ಕಿವಿಗೆ ಬಿದ್ದಿದ್ದು ಒಂದೇ ಮಾತು. "ಮೆದುಳಿನ ಒಂದು ಭಾಗ ಇಲ್ಲ." ಯಾರು ಹೇಳಿದರು ಅನ್ನುವುದು ನನಗೆ ಮುಖ್ಯವಲ್ಲ. ಹೇಳಿದವರು ಅವಸರದಲ್ಲಿ ಇದ್ದರು, ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು. ಆದರೆ ಆ ಮಾತು ಕೇಳಿದ ತಾಯಿ ಎರಡು ದಿನ ಊಟ ಮಾಡಿರಲಿಲ್ಲ.

ನನ್ನ ಹತ್ತಿರ ಬಂದಾಗ 22 ವಾರ. ಜಯಪುರ, ಬಾಳೆಹೊನ್ನೂರು, ಆಲ್ದೂರು ದಾಟಿ ಮಳೆಯಲ್ಲೇ ಬಂದಿದ್ದರು. ಗಂಡ, ಹೆಂಡತಿ, ಗಂಡನ ಅಪ್ಪ ಅಮ್ಮ. ನಾಲ್ವರ ತಲೆಯಲ್ಲೂ ಬೇರೆ ಬೇರೆ ಪ್ರಶ್ನೆ. ಅತ್ತೆಗೆ, ಸೊಸೆ ಶುರುವಿನಲ್ಲಿ ಫೋಲಿಕ್ ಆಸಿಡ್ ಮಾತ್ರೆ ಸರಿಯಾಗಿ ತಗೊಳ್ಳಲಿಲ್ಲ, ಅದಕ್ಕೇ ಹೀಗಾಯಿತು ಅನ್ನುವ ಸಂಶಯ. ಗಂಡನಿಗೆ, 17ನೇ ವಾರದಲ್ಲಿ ಸರಿ ಇದೆ ಅಂದವರು ಸುಳ್ಳು ಹೇಳಿದರು ಅನ್ನುವ ಸಿಟ್ಟು. ತಾಯಿ ಮಾತೇ ಆಡಲಿಲ್ಲ. ಮಾವ ಒಬ್ಬರು ಮಾತ್ರ, "ಅದು ಏನ್ ಇಲ್ಲ ಅಂತಾರಲ್ಲ, ಅದು ಮಾಮೂಲಾಗಿ ಹೆಂಗೆ ಬರ್ತದೆ ಡಾಕ್ಟ್ರೇ?" ಅಂತ ಕೇಳಿದರು.

ಅದೇ ಸರಿಯಾದ ಪ್ರಶ್ನೆಯಾಗಿತ್ತು. ನಾನು ಉತ್ತರ ಕೊಡಬೇಕಿತ್ತು. ಕೊಡಲಿಲ್ಲ.

ನಾನು ಮೊದಲು ಮಾಡಿದ ತಪ್ಪು

ಅವರ ಮುಖ ನೋಡಿ ಸಮಾಧಾನ ಮಾಡಬೇಕು ಅನ್ನಿಸಿತು. "ಇದೊಂದೇ ತೊಂದರೆ ಇದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಮಕ್ಕಳು ಚೆನ್ನಾಗೇ ಬೆಳೀತಾರೆ" ಅಂದುಬಿಟ್ಟೆ. ಅಂಕಿ ಸುಳ್ಳಲ್ಲ. ಹುಟ್ಟುವ ಮೊದಲೇ ಗೊತ್ತಾದ ಇಂಥ ಮಕ್ಕಳ ಬಗ್ಗೆ ಬಂದಿರುವ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಗುವುದು ಹೆಚ್ಚುಕಮ್ಮಿ ಅದೇ ಲೆಕ್ಕ. ಆದರೆ ಆ ಮಾತಿನ ಜೀವ ಇರುವುದು "ಇದೊಂದೇ" ಅನ್ನುವ ಪದದಲ್ಲಿ. ಇದೊಂದೇ ಹೌದಾ ಅಲ್ಲವಾ ಅಂತ ಆಗ ನನಗೇ ಗೊತ್ತಿರಲಿಲ್ಲ. ಬೇರೆ ತೊಂದರೆಗಳೂ ಜೊತೆಗಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಗಂಡ ಆ ಅಂಕಿಯನ್ನು ಪರೀಕ್ಷೆಯಲ್ಲಿ ಬಂದ ಮಾರ್ಕಿನ ಹಾಗೆ ಹಿಡಿದುಕೊಂಡರು. ಎಪ್ಪತ್ತೈದು ಬಂತು, ಪಾಸು. ಅವರ ಭುಜ ಇಳಿಯಿತು. ಅದನ್ನು ನೋಡಿದಾಗ ನನಗೆ ತಪ್ಪು ಗೊತ್ತಾಯಿತು. ಹೇಳಿದ್ದನ್ನು ವಾಪಸ್ ತಗೊಳ್ಳುವುದು ತುಂಬಾ ಕಷ್ಟ. ಆದರೂ ತಗೊಂಡೆ. "ಇಲ್ಲ, ನಾನು ಅವಸರ ಮಾಡಿದೆ. ಮೊದಲು ಇನ್ನೊಂದು ವಿಷಯ ಗೊತ್ತಾಗಬೇಕು. ಮಾವ ಕೇಳಿದ್ರಲ್ಲ, ಅಲ್ಲಿಂದ ಶುರು ಮಾಡೋಣ" ಅಂದೆ.

ಹಾಳೆ ತಗೊಂಡು ಚಿತ್ರ ಬಿಡಿಸಿದೆ. ಅವತ್ತು ಹೇಳಿದ್ದನ್ನೇ ಇಲ್ಲೂ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮುಂದಿನ ನಿರ್ಧಾರಗಳೆಲ್ಲ ಇದರ ಮೇಲೇ ನಿಂತಿವೆ.

ಸಂಕ ಯಾರು ಹಾಕುತ್ತಾರೆ

ಮೆದುಳಿನಲ್ಲಿ ನರಕೋಶಗಳ ಜೊತೆಗೆ ಗ್ಲಿಯಾ ಅನ್ನುವ ಕೋಶಗಳಿವೆ. 19ನೇ ಶತಮಾನದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಈ ಹೆಸರಿಟ್ಟಾಗ ಅದರ ಅರ್ಥ ಅಂಟು. ನರಕೋಶಗಳನ್ನು ಹಿಡಿದಿಡುವ ಅಂಟು ಅಷ್ಟೇ ಅಂತ ಅಂದುಕೊಂಡಿದ್ದರು. ಈಗ ಗೊತ್ತಿರುವ ಪ್ರಕಾರ, ಹೊಟ್ಟೆಯೊಳಗಿನ ಮಗುವಿನ ಮೆದುಳು ಕಟ್ಟುವಾಗ ಮುಂದೆ ನಿಂತು ಕೆಲಸ ಮಾಡುವುದೇ ಇವು. ಇವು ಹುಟ್ಟಿದ ಜಾಗದಲ್ಲೇ ಇರುವುದಿಲ್ಲ. ಹೊರಡುತ್ತವೆ, ಹರಡುತ್ತವೆ, ಒಂದರ ಪಕ್ಕ ಒಂದು ಜಾಗ ಹಂಚಿಕೊಳ್ಳುತ್ತವೆ.

ಮೊದಲಿಗೆ ಬರುವುದು ರೇಡಿಯಲ್ ಗ್ಲಿಯಾ. ಒಳಗಿನ ನೀರಿನ ಕೋಣೆಯ ಗೋಡೆಯಿಂದ ಮೆದುಳಿನ ಹೊರಮೈವರೆಗೆ ಉದ್ದಕ್ಕೆ ಚಾಚಿಕೊಂಡಿರುವ ಕೋಶ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವ ಹಾಗೆ, ಹೊಸದಾಗಿ ಹುಟ್ಟಿದ ನರಕೋಶಗಳು ಈ ಕೋಶದ ಉದ್ದಕ್ಕೂ ಹತ್ತಿಕೊಂಡು ತಮ್ಮ ಜಾಗ ಸೇರುತ್ತವೆ. ಪಾಸ್ಕೊ ರಾಕಿಕ್ 1972ರಲ್ಲಿ ಕೋತಿಯ ಭ್ರೂಣದ ಮೆದುಳಿನಲ್ಲಿ ಇದನ್ನು ತೋರಿಸಿದರು. ಆಮೇಲೆ ಗೊತ್ತಾಯಿತು, ಈ ಮರವೇ ಬಳ್ಳಿಯನ್ನೂ ಹೆರುತ್ತದೆ. ರೇಡಿಯಲ್ ಗ್ಲಿಯಾ ವಿಭಜನೆಯಾಗಿಯೇ ನರಕೋಶಗಳು ಬರುತ್ತವೆ.

ಇನ್ನು ನಡುವಿನ ಪಟ್ಟಿ. ಮೆದುಳಿನ ಎರಡು ಭಾಗಗಳ ಮಧ್ಯೆ ಒಂದು ಆಳವಾದ ಸೀಳು ಇರುತ್ತದೆ. ಹಳ್ಳ ಅಂದುಕೊಳ್ಳಿ. ಎರಡೂ ದಡಕ್ಕೆ ತೆಳುವಾದ ಪೊರೆ ಹೊದಿಸಿರುತ್ತದೆ. ನರತಂತುಗಳಿಗೆ ಹಾರುವುದಕ್ಕೆ ಬರುವುದಿಲ್ಲ, ಈ ಹಳ್ಳವನ್ನು ತಾವಾಗೇ ದಾಟಲಾರವು. ಅವು ಬರುವ ಮೊದಲು ಎರಡೂ ದಡದ ಗ್ಲಿಯಾ ಕೋಶಗಳು ತಮ್ಮ ಹಳೇ ಜಾಗ ಬಿಟ್ಟು ಹಳ್ಳದ ಕಡೆ ಸರಿಯುತ್ತವೆ. ಸರಿಯುತ್ತಾ ಆಕಾರ ಬದಲಿಸುತ್ತವೆ. ಉದ್ದಕ್ಕಿದ್ದವು ಹಲವು ಕೈ ಚಾಚಿದ ಕೋಶಗಳಾಗುತ್ತವೆ. ಅಡ್ಡ ಇದ್ದ ಪೊರೆ ಅಲ್ಲಿ ಕರಗುತ್ತದೆ, ಎಡದ ಕೋಶ ಬಲದ ಕೋಶದೊಳಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಸೇರಿಕೊಳ್ಳುತ್ತದೆ, ಜಿಪ್ ಎಳೆದ ಹಾಗೆ ಹಳ್ಳ ಮುಚ್ಚುತ್ತಾ ಹೋಗುತ್ತದೆ. ಇದಕ್ಕೇ ಅವುಗಳನ್ನು ಜಿಪ್ಪರ್ ಗ್ಲಿಯಾ ಅಂತಲೇ ಕರೆಯುತ್ತಾರೆ. ಆಮೇಲೆ ಮೊದಲ ಕೆಲವು ನರತಂತುಗಳು ಅದರ ಮೇಲೆ ದಾಟುತ್ತವೆ, ಹಿಂದಿನವು ಮುಂದಿನವನ್ನು ಹಿಡಿದುಕೊಂಡು ಬರುತ್ತವೆ. ಪಕ್ಕದಲ್ಲಿ ಇನ್ನೊಂದಿಷ್ಟು ಗ್ಲಿಯಾ ಕೋಶಗಳು ನಿಂತು ಸ್ಲಿಟ್2 ಅನ್ನುವ ಪ್ರೋಟೀನ್ ಬಿಡುತ್ತವೆ. ನರತಂತುಗಳಿಗೆ ಅದು ಆಗದು, ದೂರ ಸರಿಯುತ್ತವೆ, ಹಾಗಾಗಿ ದಾರಿ ತಪ್ಪದೆ ನೇರ ದಾಟುವ ಕಡೆಗೇ ಹೋಗುತ್ತವೆ.

"ಓ, ಸಂಕ ಹಾಕ್ದಂಗೆ" ಅಂದರು ಮಾವ.

ಸಂಕ ಅಂದರೆ ಹಳ್ಳ ದಾಟಲು ಹಾಕುವ ಮರದ ಕಾಲುಸೇತುವೆ. ಅವರ ಮನೆ ಮುಂದೆ ಹಳ್ಳ ಇದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅಡಿಕೆ ಮರದ ಸಂಕ ಹಾಕುವುದು ಇವರೇ. ಹೇಗೆ ಹಾಕುತ್ತಾರೆ ಅಂತ ನನಗೇ ಪಾಠ ಮಾಡಿದರು. ಮೊದಲು ಎರಡೂ ದಡದ ಪೊದೆ ಕಡಿಯಬೇಕು, ಮಣ್ಣು ಸವರಬೇಕು, ಇಲ್ಲದಿದ್ದರೆ ಮರ ಕೂರುವುದಿಲ್ಲ. ಕವೆ ನೆಡಬೇಕು. ಮರ ಇಟ್ಟು ಬಿಗಿಯಬೇಕು. ಬಲಗೈಯಲ್ಲಿ ಗಂಟು ಹಾಕುವುದನ್ನು ಗಾಳಿಯಲ್ಲೇ ತೋರಿಸಿದರು, ಎಡಗೈಯೂ ಮಡಿಲಲ್ಲಿ ಅದೇ ಗಂಟು ಹಾಕುತ್ತಿತ್ತು. "ದಡ ಸರಿ ಮಾಡ್ದೆ ಇದ್ರೆ ಜನ ಬಂದು ಈಚೆಗೇ ನಿಂತ್ಕಳ್ತಾರೆ. ಆಮೇಲೆ ದಡದ ಉದ್ದಕ್ಕೇ ನಡ್ಕಂಡು ಹೋಗ್ತಾರೆ" ಅಂದರು.

ನನಗೆ ಮೈ ಜುಮ್ಮೆಂದಿತು. ಆಗುವುದು ಅಕ್ಷರಶಃ ಅದೇ. ದಾಟಲಾಗದ ನರತಂತುಗಳು ಸಾಯುವುದಿಲ್ಲ, ಅಲ್ಲೇ ತಿರುಗಿ ದಡದುದ್ದಕ್ಕೂ ಮುಂದಿನಿಂದ ಹಿಂದಕ್ಕೆ ಕಟ್ಟು ಕಟ್ಟಾಗಿ ಸಾಗುತ್ತವೆ. ಇವಕ್ಕೆ ಪ್ರೋಬ್ಸ್ಟ್ ಕಟ್ಟುಗಳು ಅನ್ನುತ್ತಾರೆ.

ಇಲ್ಲಿ ಒಂದು ಹಳೇ ಪ್ರಯೋಗ ನೆನಪಾಗುತ್ತದೆ, ನನಗೆ ತುಂಬಾ ಇಷ್ಟವಾದದ್ದು. 1983ರಲ್ಲಿ ಜೆರ್ರಿ ಸಿಲ್ವರ್ ಮತ್ತು ಅವರ ಜೊತೆಯವರು, ಈ ನರಪಟ್ಟಿ ಕಟ್ಟಿಕೊಳ್ಳದ ಇಲಿಮರಿಗಳ ಮೆದುಳಿನಲ್ಲಿ ಆ ಸೀಳಿಗೆ ಅಡ್ಡಲಾಗಿ ಸೆಲ್ಯುಲೋಸಿನ ಒಂದು ಪುಟ್ಟ ತುಂಡು ಇಟ್ಟರು. ಗ್ಲಿಯಾ ಕೋಶಗಳು ಬಂದು ಅದರ ಮೇಲೆ ಹರಡಿಕೊಂಡವು. ಆಮೇಲೆ ನರತಂತುಗಳು ಅದರ ಮೇಲೆ ಆಚೆ ದಾಟಿದವು. ಇದು ಮನುಷ್ಯರಿಗೆ ಮಾಡುವ ಚಿಕಿತ್ಸೆಯಲ್ಲ, ಗಂಡ ಕೇಳಿದರು, ಹಾಗೇ ಹೇಳಿದೆ. ಆದರೆ ನರತಂತುಗಳಿಗೆ ದಾಟುವ ಶಕ್ತಿ ಇತ್ತು, ಇಲ್ಲದಿದ್ದುದು ಕಾಲಿಡುವ ಜಾಗ ಅಂತ ಅದು ತೋರಿಸಿತು. 2016ರಲ್ಲಿ ಲಿಂಡಾ ರಿಚರ್ಡ್ಸ್ ಅವರ ತಂಡ ಇಲಿಗಳಲ್ಲಿ ಈ ಹಳ್ಳ ಮುಚ್ಚುವ ಕೆಲಸವನ್ನು ವಿವರವಾಗಿ ತೋರಿಸಿತು. ಎಫ್‌ಜಿಎಫ್8 ಅನ್ನುವ ಸಂಕೇತ ಬಂದರೆ ಗ್ಲಿಯಾ ಹೊರಡುತ್ತವೆ, ಅದು ಕೆಟ್ಟರೆ ಹೊರಡುವುದಿಲ್ಲ. ಈ ನರಪಟ್ಟಿ ಇಲ್ಲದ ಮನುಷ್ಯರ ಸ್ಕ್ಯಾನ್‌ಗಳಲ್ಲೂ ಮುಚ್ಚಬೇಕಿದ್ದ ಸೀಳು ತೆರೆದೇ ಇರುವುದನ್ನು ಅವರು ಕಂಡರು.

ಇಷ್ಟು ಹೇಳಿದ ಮೇಲೆ ಮೂರು ಗಂಟು ತಾನಾಗೇ ಬಿಚ್ಚಿಕೊಂಡವು. ಅತ್ತೆಗೆ ಹೇಳಿದೆ, "ಅಮ್ಮಾ, ಫೋಲಿಕ್ ಆಸಿಡ್ ತಡೆಯೋದು ಬೇರೆ ತೊಂದರೆ. ಅದು ಬೆನ್ನುಹುರಿ ಮುಚ್ಚಿಕೊಳ್ಳೋ ಕೆಲಸ, ಮೊದಲ ತಿಂಗಳಲ್ಲೇ ಮುಗಿಯುತ್ತೆ, ಇವರದ್ದು ಅದು ಸರಿಯಾಗೇ ಇದೆ. ಈ ಸಂಕ ಶುರುವಾಗೋದೇ ಮೂರನೇ ತಿಂಗಳು ಮುಗಿದ ಮೇಲೆ. ಸೊಸೆ ಮಾಡಿದ್ದು ಏನೂ ಇಲ್ಲ." ಆಗ ಮೊದಲ ಸಲ ತಾಯಿ ತಲೆ ಎತ್ತಿ ನೋಡಿದಳು. ಗಂಡನಿಗೆ ಹೇಳಿದೆ, ಸಂಕದ ಆಕಾರ ಪೂರ್ತಿಯಾಗೋದು ಸುಮಾರು 20ನೇ ವಾರಕ್ಕೆ, 17ರಲ್ಲಿ ನೋಡಿದವರಿಗೆ ಇದೆ ಅಥವಾ ಇಲ್ಲ ಅಂತ ಹೇಳಲು ಸಾಧ್ಯವೇ ಇರಲಿಲ್ಲ, ಅವರು ಮೋಸ ಮಾಡಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರಶ್ನೆಯೇ ಬದಲಾಯಿತು. "ಏನು ಇಲ್ಲ" ಅನ್ನುವುದಲ್ಲ, "ಸಂಕ ಮಾತ್ರ ಇಲ್ಲವಾ, ತೋಟಕ್ಕೂ ಏನಾದರೂ ಆಗಿದೆಯಾ" ಅನ್ನುವುದು. ಗ್ಲಿಯಾ ಕೋಶಗಳ ತೊಂದರೆ ನಡುವಿನ ಆ ಒಂದು ಜಾಗದಲ್ಲಿ ಮಾತ್ರ ಇದ್ದರೆ ಒಂದು ಕತೆ. ರೇಡಿಯಲ್ ಗ್ಲಿಯಾ ಎಲ್ಲ ಕಡೆ ಕೆಟ್ಟಿದ್ದರೆ ನರಕೋಶಗಳೂ ದಾರಿಯಲ್ಲೇ ಸಿಕ್ಕಿಹಾಕಿಕೊಂಡು ಮೆದುಳಿನ ಪದರಗಳೇ ಸರಿಯಾಗಿರುವುದಿಲ್ಲ, ಅದು ಪೂರ್ತಿ ಬೇರೆ ಕತೆ. ಅದನ್ನು ನೋಡಲು ಹೊಟ್ಟೆಯೊಳಗಿನ ಮಗುವಿಗೇ ಎಂಆರ್‌ಐ ಬೇಕು, ಜೊತೆಗೆ ಗರ್ಭದ ನೀರು ತೆಗೆದು ವರ್ಣತಂತುಗಳ ಪರೀಕ್ಷೆ.

24 ವಾರದ ಗೆರೆ

ಕಾನೂನು ಅವರಿಗೆ ಗೊತ್ತಿರಬೇಕಿತ್ತು, ಹೇಳಿದೆ. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಗರ್ಭ ತೆಗೆಸಲು ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ, ಮಗುವಿಗೆ ಗಂಭೀರ ತೊಂದರೆಯಂಥ ಕೆಲವು ಕಾರಣಗಳಿದ್ದರೆ ಮಾತ್ರ, ಇಬ್ಬರು ಡಾಕ್ಟರು ಒಪ್ಪಬೇಕು. 24 ದಾಟಿದರೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಅವರಿಗೆ ಉಳಿದದ್ದು ಎರಡು ವಾರ. ವರ್ಣತಂತುಗಳ ರಿಪೋರ್ಟ್ ಬರುವುದಕ್ಕೇ ಸುಮಾರು ಎರಡು ವಾರ ಬೇಕು. ಅಂದರೆ ಪೂರ್ತಿ ಮಾಹಿತಿ ಕೈಗೆ ಬರುವಷ್ಟರಲ್ಲಿ ಗೆರೆ ದಾಟಿರುತ್ತದೆ. ಇಂಥ ಮನೆಯವರ ಸಂಕಟ ಎಷ್ಟು ಅಂತ ಹೊರಗಿನವರಿಗೆ ಅರ್ಥವಾಗುವುದು ಕಷ್ಟ.

ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು. 22 ವಾರ 4 ದಿನಕ್ಕೆ ನೀರು ತೆಗೆದರು, ಮಾರನೇ ದಿನ ಎಂಆರ್‌ಐ. ಅದರಲ್ಲಿ ಕಂಡಿದ್ದು: ನರಪಟ್ಟಿ ಪೂರ್ತಿ ಇಲ್ಲ. ಎರಡೂ ಕಡೆ ಪ್ರೋಬ್ಸ್ಟ್ ಕಟ್ಟುಗಳಿವೆ. ಚಿಕ್ಕಮೆದುಳು ಸರಿ ಇದೆ. ಮೆದುಳಿನ ಪದರಗಳು ಆ ವಾರಕ್ಕೆ ಇರಬೇಕಾದಂತೆ ಇವೆ. ಕೊನೆಯ ಮಾತು ಗಮನಿಸಿ, ಆ ವಾರಕ್ಕೆ. ಮೆದುಳಿನ ಮಡಿಕೆಗಳು ಹೆಚ್ಚಾಗಿ ಬರುವುದು ಆಮೇಲೆ. ಹಾಗಾಗಿ 30 ವಾರ ದಾಟಿದ ಮೇಲೆ ಮತ್ತೊಮ್ಮೆ ನೋಡಿದರೆ ಮಾತ್ರ ಧೈರ್ಯವಾಗಿ ಹೇಳಬಹುದು.

ಆ ವಾರ ಗಂಡ ರಾತ್ರಿಯೆಲ್ಲ ಫೋನ್ ನೋಡಿದರು. ಅಪಸ್ಮಾರ ಕಡಿಮೆ ಮಾಡಲು ಈ ನರಪಟ್ಟಿಯನ್ನೇ ಕತ್ತರಿಸಿದವರ ವಿಡಿಯೋ ಸಿಕ್ಕಿತು. ಒಂದು ಕೈ ಗುಂಡಿ ಹಾಕುತ್ತದೆ, ಇನ್ನೊಂದು ಬಿಚ್ಚುತ್ತದೆ. ಹೆದರಿ ಫೋನ್ ಮಾಡಿದರು. ಅಂಥವರನ್ನು ಅಧ್ಯಯನ ಮಾಡಿದ್ದಕ್ಕೇ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂದಿದ್ದು. ಆದರೆ ಇದ್ದದ್ದನ್ನು ದೊಡ್ಡವರಾದ ಮೇಲೆ ಕತ್ತರಿಸುವುದು ಬೇರೆ, ಹುಟ್ಟುವ ಮೊದಲಿಂದ ಇಲ್ಲದಿರುವುದು ಬೇರೆ. ಬೆಳೆಯುವ ಮೆದುಳು ಬೇರೆ ಸಣ್ಣ ದಾರಿಗಳನ್ನು ಹೆಚ್ಚು ಬಳಸಿಕೊಳ್ಳುತ್ತದೆ. ಅತ್ತ ಭಾವಮೈದ ಕಿಮ್ ಪೀಕ್ ವಿಡಿಯೋ ಕಳಿಸಿದ್ದ. ಅವರಿಗೂ ಈ ನರಪಟ್ಟಿ ಇರಲಿಲ್ಲ, ಸಾವಿರಾರು ಪುಸ್ತಕ ಬಾಯಿಪಾಠ ಇತ್ತು. ಅದನ್ನೂ ನಂಬಿಕೊಳ್ಳಬೇಡಿ ಅಂದೆ. ಅವರಿಗೆ ದಿನದ ಕೆಲಸಕ್ಕೂ ಅಪ್ಪನ ಸಹಾಯ ಬೇಕಿತ್ತು. ಭಯಪಡಿಸುವ ವಿಡಿಯೋನೂ ಆಸೆ ಹುಟ್ಟಿಸುವ ವಿಡಿಯೋನೂ ಇವರ ಮಗುವಿನದ್ದಲ್ಲ.

ಇನ್ನೊಂದು ಪ್ರಶ್ನೆ ಬಂತು, ಮೆಲ್ಲಗೆ. "ಹೆಣ್ಣಾ ಡಾಕ್ಟ್ರೇ? ಹೆಣ್ಣು ಮಕ್ಕಳಿಗೇ ಬರೋ ಒಂದು ಕಾಯಿಲೆ ಇದೆಯಂತಲ್ಲ?" ಐಕಾರ್ಡಿ ಸಿಂಡ್ರೋಮ್ ಬಗ್ಗೆ ಓದಿದ್ದರು. ಹೆಚ್ಚುಕಮ್ಮಿ ಹೆಣ್ಣು ಮಕ್ಕಳಲ್ಲೇ ಕಾಣಿಸುವುದು ನಿಜ. ಈ ನರಪಟ್ಟಿ ಇರುವುದಿಲ್ಲ, ಫಿಟ್ಸ್ ಬರುತ್ತದೆ, ಕಣ್ಣಿನ ಪರದೆಯಲ್ಲಿ ಕಲೆಗಳಿರುತ್ತವೆ. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಲಿಂಗ ಹೇಳಬಾರದು, 1994ರ ಕಾಯ್ದೆ ಸ್ಪಷ್ಟವಾಗಿದೆ, ನಾನು ಹೇಳಲಿಲ್ಲ. ಹುಟ್ಟಿದ ಮೇಲೆ, ಯಾವ ಮಗುವಾದರೂ, ಕಣ್ಣು ಪರೀಕ್ಷೆ ಮಾಡಿಸೋಣ ಅಂದೆ.

23 ವಾರ 5 ದಿನಕ್ಕೆ ಅವರು ಮತ್ತೆ ಬಂದರು. ಈ ಸಲ ಇಬ್ಬರೇ. ತಾಯಿ ಕೇಳಿದಳು, "ನೀವಾಗಿದ್ರೆ ಏನ್ ಮಾಡ್ತಿದ್ರಿ?" ನಾನು ಹೇಳಿದ್ದು ಇಷ್ಟು: ಸಾಕುವವರು ನೀವು. ತೆಗೆಸಿದರೂ ನಾನು ಒಂದು ಮಾತು ಆಡುವುದಿಲ್ಲ, ಉಳಿಸಿಕೊಂಡರೆ ಮೊದಲ ದಿನದಿಂದ ಜೊತೆಗಿರುತ್ತೇನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಪೋರ್ಟ್ ಬರ್ಲಿ ಅಂತ ಕಾಯ್ತೀವಿ. ಗೆರೆ ದಾಟಿದ್ರೆ ದಾಟ್ಲಿ" ಅಂದಳು. ಗಂಡ ಅವಳ ಮುಖ ನೋಡಿ ತಲೆ ಆಡಿಸಿದರು. ನಿರ್ಧಾರ ಅವಳದು. ಅವಳೇ ತಗೊಂಡಿದ್ದು ಒಳ್ಳೆಯದಾಯಿತು ಅಂತ ಇವತ್ತಿಗೂ ನನಗೆ ಅನಿಸುತ್ತದೆ.

24 ವಾರ 3 ದಿನಕ್ಕೆ ರಿಪೋರ್ಟ್ ಬಂತು. ವರ್ಣತಂತುಗಳು ಸರಿ ಇದ್ದವು. ಒಂದೊಂದು ಜೀನನ್ನೂ ಓದುವ ಇನ್ನೂ ದುಬಾರಿ ಪರೀಕ್ಷೆ ಇತ್ತು, ಅದನ್ನು ಬಿಟ್ಟೆವು. ಆ ವರ್ಷ ಕೊಳೆರೋಗದಿಂದ ಅಡಿಕೆ ಅರ್ಧಕ್ಕರ್ಧ ಉದುರಿತ್ತು, ಹಣದ ಕಷ್ಟ ಎದುರಿಗೇ ಕಾಣುತ್ತಿತ್ತು. 31ನೇ ವಾರದ ಎಂಆರ್‌ಐನಲ್ಲಿ ಮಡಿಕೆಗಳು ಸರಿಯಾಗಿ ಬಂದಿದ್ದವು. ನೀರಿನ ಕೋಣೆ 12 ಮಿಲಿಮೀಟರ್, ಹೆಚ್ಚೇನೂ ಬೆಳೆದಿರಲಿಲ್ಲ.

ಹುಟ್ಟಿದ ಮೇಲೆ

ಅಡಿಕೆ ಸುಲಿಯುವ ಕಾಲದಲ್ಲಿ ಮಗು ಹುಟ್ಟಿತು. ಹೆಣ್ಣು. 2.9 ಕೆಜಿ, ಮಾಮೂಲಿ ಹೆರಿಗೆ. ಚೆನ್ನಾಗಿ ಅತ್ತಿತು, ಹಾಲು ಕುಡಿಯಿತು. ಸಕ್ಕರೆ, ಥೈರಾಯ್ಡ್, ಕಿವಿ ನೋಡಿದೆವು. ಕಣ್ಣಿಗೆ ಔಷಧಿ ಬಿಟ್ಟು ಪರದೆ ನೋಡಿದ ದಿನ ನಾನೂ ಹೊರಗೆ ನಿಂತಿದ್ದೆ. ಕಲೆ ಇರಲಿಲ್ಲ.

ಮೊದಲ ವರ್ಷ ಫಿಟ್ಸ್ ಬಗ್ಗೆ ಎಚ್ಚರ ಇರಬೇಕಿತ್ತು. ಮೈ ಸರಣಿಯಾಗಿ ಬೆಚ್ಚಿದ ಹಾಗಾದರೆ ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿ ಅಂದಿದ್ದೆ. ನಾಲ್ಕನೇ ತಿಂಗಳಲ್ಲಿ ಒಂದು ವಿಡಿಯೋ ಬಂತು. ಮಗು ನಿದ್ದೆಯಲ್ಲಿ ಕೈಕಾಲು ಝಾಡಿಸುತ್ತಿತ್ತು. ಎಬ್ಬಿಸಿದರೆ ನಿಂತುಬಿಡುತ್ತಿತ್ತು. ಆದರೂ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ.

ಮೈ ಸ್ವಲ್ಪ ಸಡಿಲ ಇತ್ತು. ಒಂಬತ್ತು ತಿಂಗಳಿಗೆ ಕೂತಳು. ಅಂಬೆಗಾಲಿಡಲೇ ಇಲ್ಲ, ಕೂತಲ್ಲೇ ಜಾರಿಕೊಂಡು ಮನೆಯೆಲ್ಲ ಓಡಾಡಿದಳು. 19 ತಿಂಗಳಿಗೆ ನಡೆದಳು. ಎರಡೂ ಕೈ ಸೇರಿಸುವ ಕೆಲಸ ತಡ. ಒಂದು ಕೈಯಿಂದ ಇನ್ನೊಂದು ಕೈಗೆ ಗಿಲಕಿ ಬದಲಾಯಿಸಲು ಬರುತ್ತಿರಲಿಲ್ಲ. ಫಿಸಿಯೋಥೆರಪಿಯವರು ವಾರಕ್ಕೊಮ್ಮೆ ಬರಲು ಹೇಳಿದರು. ಕೊಪ್ಪದ ಕಡೆಯಿಂದ ವಾರ ವಾರ ಬರುವುದು ಆಗದ ಮಾತು. ಆಗ ಅಜ್ಜಿ ಕೆಲಸ ಕೈಗೆತ್ತಿಕೊಂಡರು. ಚಪ್ಪಾಳೆ ತಟ್ಟಿಸುವುದು, ಎರಡೂ ಕೈಯಲ್ಲಿ ಲೋಟ ಹಿಡಿಸುವುದು, ಹಿಟ್ಟು ನಾದಿಸುವುದು. ಎರಡು ವರ್ಷ ಆದ ಮೇಲೆ ಅವರೆಕಾಯಿ ಸುಲಿಸುವುದು, ಬಾಯಿಗೆ ಹಾಕಿಕೊಳ್ಳದ ಹಾಗೆ ಎದುರಿಗೇ ಕೂತು. ಅವರೆಕಾಯಿ ಒಂದೇ ಕೈಯಲ್ಲಿ ಸುಲಿಯಲು ಬರುವುದಿಲ್ಲ, ಅಲ್ವಾ? ನಾನು ಹೇಳಿಕೊಟ್ಟಿದ್ದಲ್ಲ ಇದು. ಈಗ ಬೇರೆ ಮನೆಯವರಿಗೆ ನಾನೇ ಹೇಳುತ್ತೇನೆ.

ಕೈ

ಮೂರು ವರ್ಷದ ತಪಾಸಣೆಗೆ ಬಂದಾಗ ಅಜ್ಜಿ ಒಂದು ಮಾತು ಹೇಳಿದರು. "ಸುಲೀತಾಳೆ ಡಾಕ್ಟ್ರೇ, ಆದ್ರೆ ಬಲಗೈ ಬೆರಳು ಏನ್ ಮಾಡ್ತದೋ ಎಡಗೈದೂ ಅದೇ ಮಾಡ್ತದೆ." ಮಗುವಿಗೆ ಒಂದು ಕೈಯಲ್ಲಿ ಚೆಂಡು ಹಿಸುಕಲು ಹೇಳಿದೆ. ಖಾಲಿ ಇದ್ದ ಇನ್ನೊಂದು ಕೈ ಕೂಡ ಮುಚ್ಚಿತು, ತೆರೆಯಿತು, ಮುಚ್ಚಿತು. ಕನ್ನಡಿ ಹಿಡಿದ ಹಾಗೆ. ಸಣ್ಣ ಮಕ್ಕಳಲ್ಲಿ ಸ್ವಲ್ಪ ಇರುತ್ತದೆ, ಆದರೆ ಇಷ್ಟು ಅಲ್ಲ.

ನನ್ನ ಮೇಜಿನ ಆಚೆ ತಂದೆ ಅರ್ಜಿಗೆ ಸಹಿ ಹಾಕುತ್ತಿದ್ದರು. ಬಲಗೈಯಲ್ಲಿ ಪೆನ್ನು. ಎಡಗೈ ಬೆರಳುಗಳು ಮೇಜಿನ ಮೇಲೆ ಅದೇ ಸಹಿ ಹಾಕುತ್ತಿದ್ದವು.

"ಇದು ಯಾವಾಗಿಂದ?" ಅಂದೆ.

"ಇದಾ? ಚಿಕ್ಕಂದಿನಿಂದ. ಮೇಷ್ಟ್ರು ಎಡಗೈ ಮೇಲೆ ಕೂತ್ಕೊಂಡು ಬರಿ ಅಂತಿದ್ರು. ಅಪ್ಪಂಗೂ ಹಂಗೇ."

ಸಂಕದ ಗಂಟು ತೋರಿಸುವಾಗ ಅಜ್ಜನ ಎಡಗೈ ಮಡಿಲಲ್ಲಿ ಆಡುತ್ತಿದ್ದುದು ಆಗ ನೆನಪಾಯಿತು. ನಾನು ಅದನ್ನು ನೋಡಿದ್ದೆ. ಹುರುಪಿನಲ್ಲಿ ಮಾತಾಡುವವರ ಕೈ ಹಾಗೇ ಆಡುತ್ತದೆ ಅಂದುಕೊಂಡು ಬಿಟ್ಟಿದ್ದೆ. ಫಿಟ್ಸ್ ಯಾರಿಗಾದರೂ ಇದೆಯಾ, ಬುದ್ಧಿಮಾಂದ್ಯ ಇದೆಯಾ, ಮಕ್ಕಳು ಸತ್ತಿದ್ದಾರಾ ಅಂತ ಕೇಳಿದ್ದೆ. ಎಲ್ಲದಕ್ಕೂ ಇಲ್ಲ ಅಂದಿದ್ದರು, ಅದು ನಿಜವೇ. ಕೈಯ ಬಗ್ಗೆ ಕೇಳಿರಲಿಲ್ಲ. ಅವರಿಗೆ ಅದು ಕಾಯಿಲೆಯೇ ಅಲ್ಲ, ತಾವಾಗಿ ಹೇಳುವ ಪ್ರಶ್ನೆಯೇ ಇರಲಿಲ್ಲ.

ಡಿಸಿಸಿ ಅನ್ನುವ ಒಂದು ಜೀನ್ ಇದೆ. ಅದರಲ್ಲಿ ಬದಲಾವಣೆ ಇರುವ ಕುಟುಂಬಗಳಲ್ಲಿ ಕೆಲವರಿಗೆ ಈ ಕನ್ನಡಿ ಚಲನೆ ಮಾತ್ರ ಇರುತ್ತದೆ, ಕೆಲವರಿಗೆ ನರಪಟ್ಟಿ ಇರುವುದಿಲ್ಲ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಇದು 2017ರಲ್ಲಿ ಪ್ರಕಟವಾಯಿತು. ಅಂಥ ಕುಟುಂಬಗಳ ಮಕ್ಕಳಲ್ಲಿ ಹೆಚ್ಚಿನವರ ಬೆಳವಣಿಗೆ ಚೆನ್ನಾಗಿದೆ ಅಂತಲೂ ಅದರಲ್ಲಿತ್ತು. ನರತಂತುಗಳಿಗೆ ದಾರಿ ತೋರಿಸುವ ಜೀನ್ ಅಂತ ಇದು ಮೊದಲೇ ಪ್ರಸಿದ್ಧ. 2021ರಲ್ಲಿ ಇಲಿಗಳ ಮೇಲಿನ ಕೆಲಸ ಇನ್ನೊಂದು ತೋರಿಸಿತು, ಜಿಪ್ಪರ್ ಗ್ಲಿಯಾ ಹಳ್ಳದ ಉದ್ದಕ್ಕೂ ಸರಿಯಾಗಿ ಚಾಚಿಕೊಂಡು ಹರಡಲಿಕ್ಕೂ ಡಿಸಿಸಿ ಬೇಕು. ದಾಟುವವರಿಗೂ ಬೇಕು, ಸಂಕ ಹಾಕುವವರಿಗೂ ಬೇಕು.

ಆಗ ಬಿಟ್ಟಿದ್ದ ಪರೀಕ್ಷೆಯನ್ನು ಈಗ ಮಾಡಿಸಿದೆವು. ಮಗುವಿನಲ್ಲೂ ತಂದೆಯಲ್ಲೂ ಡಿಸಿಸಿ ಜೀನಿನಲ್ಲಿ ಅದೇ ಬದಲಾವಣೆ ಸಿಕ್ಕಿತು. ಅಜ್ಜ ತಮ್ಮದು ಬೇಡ ಅಂದರು. "ನಂದು ಗೊತ್ತಾಯ್ತಲ್ಲ" ಅಂದರು, ಎರಡೂ ಕೈ ತೋರಿಸಿ.

22ನೇ ವಾರದಲ್ಲಿ ನಾನು ಆ ಕೈ ಗಮನಿಸಿದ್ದರೆ ಏನಾಗುತ್ತಿತ್ತು? ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೆ ಯಾವ ಜೀನ್ ಹುಡುಕಬೇಕು ಅಂತ ಗೊತ್ತಿರುತ್ತಿತ್ತು. ಕತ್ತಲಲ್ಲಿ ಕಳೆದ ಅಷ್ಟೂ ವಾರ ಅವರ ಕೈಯಲ್ಲಿ ಒಂದು ದೀಪ ಇರುತ್ತಿತ್ತು. ಇದೇ ರಿಪೋರ್ಟ್ ಹಿಡಿದ ಇನ್ನೊಂದು ಮನೆಯವರು, ಯಾರೂ ಆ ಕೈ ನೋಡದೇ ಇದ್ದಿದ್ದರೆ, ಭಯದಲ್ಲಿ ಬೇರೆ ನಿರ್ಧಾರ ತಗೊಂಡಿರಬಹುದು. ಅದಕ್ಕೇ ಈಗ ಇಂಥ ರಿಪೋರ್ಟ್ ಬಂದರೆ ಮೊದಲು ಅಪ್ಪ ಅಮ್ಮ ಇಬ್ಬರಿಗೂ ಒಂದು ಕೈಯ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಲು ಹೇಳುತ್ತೇನೆ, ಇನ್ನೊಂದು ಕೈ ನೋಡುತ್ತಾ ಕೂರುತ್ತೇನೆ. ಅಜ್ಜ ಅಜ್ಜಿ ಬಂದಿದ್ದರೆ ಅವರಿಗೂ. ಎರಡು ನಿಮಿಷದ ಕೆಲಸ. ಅಂಕಿ ಹೇಳುವುದು ಎಂಆರ್‌ಐ ಆದ ಮೇಲೇ.

ಮಗು ಈಗ ಅಂಗನವಾಡಿಗೆ ಹೋಗುತ್ತಾಳೆ. ಎರಡು ಮೂರು ಪದದ ಮಾತು ತಡವಾಗಿ ಬಂತು, ಈಗ ನಿಲ್ಲಿಸುವುದು ಕಷ್ಟ. ಗುಂಡಿ ಹಾಕಲು, ಮೆಟ್ಟಿಲು ಇಳಿಯಲು ಸಹಾಯ ಬೇಕು. ಎಲ್ಲ ಮುಗಿಯಿತು ಅಂತ ನಾನು ಅವರಿಗೆ ಹೇಳಿಲ್ಲ. ಈ ನರಪಟ್ಟಿ ಇಲ್ಲದವರಲ್ಲಿ ಬುದ್ಧಿ ಸರಿಯಿದ್ದರೂ ಕೆಲವರಿಗೆ ಶಾಲೆಗೆ ಹೋಗುವ ವಯಸ್ಸಲ್ಲಿ ತೊಡಕು ಕಾಣಿಸುತ್ತದೆ. ಲೆಕ್ಕದ ದೊಡ್ಡ ಸಮಸ್ಯೆ, ತಮಾಷೆ, ಗಾದೆ ಮಾತಿನ ಒಳಗಿನ ಅರ್ಥ, ಇಂಥವು ತಡವಾಗಿ ಹಿಡಿಯುತ್ತವೆ. ಒಂದನೇ ಕ್ಲಾಸಿಗೆ ಸೇರುವ ಮೊದಲು ಒಮ್ಮೆ ವಿವರವಾಗಿ ಪರೀಕ್ಷೆ ಮಾಡಿಸಬೇಕು ಅಂತ ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಅಜ್ಜಿ ಈಗಲೇ ದಿನಕ್ಕೊಂದು ಒಗಟು ಕೇಳುತ್ತಾರಂತೆ.

ಮೊನ್ನೆ ತಾಯಿ ಫೋನ್ ಮಾಡಿದ್ದಳು. ಮತ್ತೆ ಬಸಿರು, ಎರಡೂವರೆ ತಿಂಗಳು. ಆ ಬದಲಾವಣೆ ಈ ಮಗುವಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಬಂದರೂ ಸಂಕ ಇರುವುದೇ ಇಲ್ಲ ಅಂತಲ್ಲ. ಈಗಲೇ ಜೀನ್ ಪರೀಕ್ಷೆ ಮಾಡಬಹುದು ಅಂತ ಹೇಳಿದೆ. ಅವರಿಬ್ಬರೂ ಮಾತಾಡಿಕೊಂಡು ಬೇಡ ಅಂದರು, 21ನೇ ವಾರದ ಸ್ಕ್ಯಾನಿಂಗ್ ಸಾಕು. "17ಕ್ಕೆ ಹೋಗಲ್ಲ ಡಾಕ್ಟ್ರೇ, ಈ ಸಲ ಮಳೆ ಬಂದ್ರೂ 21ಕ್ಕೇ" ಅಂದಳು. ಲೆಕ್ಕ ಹಾಕಿ ತಾರೀಕು ಕೊಟ್ಟಿದ್ದೇನೆ. ನನ್ನ ಡೈರಿಯಲ್ಲೂ ಬರೆದುಕೊಂಡಿದ್ದೇನೆ.